ತಾರಸಿಗೆ ಹೊರಗಿನಿಂದ ಮೆಟ್ಟಿಲು: ಕಾಂಕ್ರೀಟೋ, ಕಲ್ಲೋ, ಕಬ್ಬಿಣವೋ?

ಮಂಡ್ಯದಲ್ಲಿರುವ ನಮ್ಮ ಹಿರಿಯರ ಮನೆಯ ತಾರಸಿ ಮೆಟ್ಟಿಲಿಗೆ ಕೆಳಗಿನಿಂದ ಆಸರೆಯೇ ಇಲ್ಲ. ಹೊರಗೋಡೆಯಿಂದ ಒಂದೊಂದೇ ಕಲ್ಲುಚಪ್ಪಡಿ ಮೂರಡಿಯಷ್ಟು ಚಾಚಿಕೊಂಡು, ಒಂದರ ಮೇಲೊಂದು ಏರುತ್ತ ಹೋಗುತ್ತದೆ. ಬೇಸಿಗೆ ಬಂತೆಂದರೆ ಅಮ್ಮ ಸಂಡಿಗೆ ಹಿಟ್ಟಿನ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು, ಬರಿಗಾಲಿನಲ್ಲಿ ಅದನ್ನು ಹತ್ತುತ್ತಿದ್ದರು. ಮಧ್ಯಾಹ್ನ ಕಾಗೆ ಓಡಿಸಲು ನಾವು ಮಕ್ಕಳು ಅದೇ ಮೆಟ್ಟಿಲಿನ ಮೇಲೆ ಕೋಲು ಹಿಡಿದು ಕೂರುತ್ತಿದ್ದೆವು. ಮಳೆ, ಬಿಸಿಲು, ಐವತ್ತು ವರ್ಷಗಳ ಓಡಾಟ ಎಲ್ಲವನ್ನೂ ಕಂಡ ಆ ಕಲ್ಲುಗಳಲ್ಲಿ ಒಂದೂ ಅಲುಗಾಡಿಲ್ಲ.

ಮೈಸೂರಿನ ನಮ್ಮ ಮನೆಗೆ ಹೊರಗಿನಿಂದ ತಾರಸಿಗೆ ದಾರಿ ಬೇಕೆಂದಾಗ ನಾವು ಆರಿಸಿದ್ದು ಕಬ್ಬಿಣವನ್ನು. ನಾಲ್ಕು ದಿನಗಳಲ್ಲಿ ಕೆಲಸ ಮುಗಿಯಿತು, ಖರ್ಚೂ ಕಡಿಮೆಯಾಯಿತು. ಏಳನೆಯ ವರ್ಷ ಅದನ್ನು ಕಡಿಸಿ ಗುಜರಿಗೆ ಹಾಕಿದೆವು. ಆಮೇಲೆ ಹೊಸದನ್ನು ಮಾಡಿಸುವ ಮೊದಲು ಒಂದು ವರ್ಷ ನಾನು ಊರೆಲ್ಲ ಮೆಟ್ಟಿಲುಗಳನ್ನೇ ನೋಡುತ್ತ ಓಡಾಡಿದೆ. ಮೇಸ್ತ್ರಿಗಳು, ವೆಲ್ಡಿಂಗ್ ಅಂಗಡಿಯವರು, ಕಲ್ಲು ಕೆಲಸದವರು, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್, ಹೀಗೆ ಸಿಕ್ಕವರನ್ನೆಲ್ಲ ಕೇಳಿದೆ. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಅರ್ಥವಾದದ್ದು ಇದು: ಹೊರಗಿನ ಮೆಟ್ಟಿಲು ಭಾರಕ್ಕೆ ಸೋಲುವುದು ಅಪರೂಪ. ಅದು ಸೋಲುವುದು ನೀರಿಗೆ. ಮನುಷ್ಯರು ಅದರ ಮೇಲೆ ಬೀಳುವುದೂ ಹೆಚ್ಚಾಗಿ ನೀರಿನಿಂದಲೇ. ಆದ್ದರಿಂದ ಯಾವ ವಸ್ತು ಗಟ್ಟಿ ಎಂದು ಕೇಳುವ ಮೊದಲು, ಮಳೆ ನಿಂತ ಮೇಲೆ ನೀರು ಎಲ್ಲಿ ಉಳಿಯುತ್ತದೆ ಮತ್ತು ಒದ್ದೆ ಪಾದ ಎಲ್ಲಿ ಊರುತ್ತದೆ ಎಂದು ಕೇಳಿಕೊಳ್ಳಬೇಕು.

ನಮ್ಮ ಕಡೆಯ ಮಳೆ, ನಮ್ಮ ಕಡೆಯ ಬಿಸಿಲು

ಮೈಸೂರು, ಮಂಡ್ಯಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಕರಾವಳಿಗೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ನಮ್ಮಲ್ಲಿ ಮಳೆ ಎರಡು ಕಂತುಗಳಲ್ಲಿ ಬರುತ್ತದೆ: ಮೇ ತಿಂಗಳ ಸಂಜೆಯ ಗುಡುಗು ಮಳೆ ಒಂದು, ಸೆಪ್ಟೆಂಬರ್–ಅಕ್ಟೋಬರ್‌ನ ಜೋರು ಮಳೆ ಇನ್ನೊಂದು. ಮೇ ಮಳೆ ಬೀಳುವುದು ಕಾದು ಕೆಂಡವಾದ ಮೆಟ್ಟಿಲಿನ ಮೇಲೆ. ಮಧ್ಯಾಹ್ನ ಹಿಗ್ಗಿದ್ದ ವಸ್ತು ಸಂಜೆ ಹತ್ತೇ ನಿಮಿಷದಲ್ಲಿ ತಣ್ಣಗಾಗಿ ಕುಗ್ಗುತ್ತದೆ. ಟೈಲ್ಸ್ ಎದ್ದು ಬರುವುದು, ಬಣ್ಣ ಬಿರಿಯುವುದು, ಸಂದುಗಳು ಬಾಯಿ ಬಿಡುವುದು ಈ ಹಿಗ್ಗು–ಕುಗ್ಗಿನಿಂದ.

ಅಕ್ಟೋಬರ್ ಮಳೆಯ ಕಾಟ ಬೇರೆ. ನಾವು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ನೆತ್ತಿಯ ಮೇಲೆ ಬರುವ ಸೂರ್ಯ ಆಗಸ್ಟ್ ನಡುವಿನವರೆಗೆ ಸ್ವಲ್ಪ ಉತ್ತರಕ್ಕೆ ಇರುತ್ತಾನೆ, ಆಮೇಲೆ ದಕ್ಷಿಣಕ್ಕೆ ಸರಿಯುತ್ತಾನೆ. ಹಾಗಾಗಿ ಮನೆಯ ಉತ್ತರ ಗೋಡೆಗೆ ಒತ್ತಿಕೊಂಡ ಮೆಟ್ಟಿಲಿಗೆ ಅಕ್ಟೋಬರ್‌ನಿಂದ ಸಂಕ್ರಾಂತಿ ಕಳೆಯುವವರೆಗೆ ನೇರ ಬಿಸಿಲೇ ತಾಗುವುದಿಲ್ಲ. ಹಿಂಗಾರು ಮಳೆಯ ತೇವ ಅಲ್ಲೇ ಕೂತು ಪಾಚಿ ಕಟ್ಟುತ್ತದೆ. ಪಶ್ಚಿಮಕ್ಕಿರುವ ಮೆಟ್ಟಿಲಿನ ಕಷ್ಟ ಇದಕ್ಕೆ ತದ್ವಿರುದ್ಧ: ಪಾಚಿಯಿಲ್ಲ, ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಬರಿಗಾಲು ಇಡಲಾಗದು. ಉತ್ತರದ ಮೆಟ್ಟಿಲಿಗೆ ಒರಟು ಮೇಲ್ಮೈ, ಪಶ್ಚಿಮದ್ದಕ್ಕೆ ತಿಳಿ ಬಣ್ಣದ ಕಲ್ಲು. ಉಳಿದ ಆಯ್ಕೆಗಳೆಲ್ಲ ಇದರ ನಂತರ.

ಅಳತೆ ತಪ್ಪಿದರೆ ವಸ್ತು ಯಾವುದಾದರೂ ಒಂದೇ

ಅಳತೆಯ ಮಾತನ್ನು ಇಲ್ಲೇ ಮುಗಿಸುತ್ತೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಗೆ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಪಾದ ಇಡುವ ಅಗಲ 250 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಏಳಿಂಚು ಎತ್ತರ, ಹತ್ತಿಂಚು ಅಗಲ. ವಯಸ್ಸಾದವರು ಇರುವ ಮನೆಯಾದರೆ ಆರು ಮತ್ತು ಹನ್ನೊಂದು. ಹತ್ತಡಿ ಎತ್ತರದ ಕೋಣೆ, ಅದರ ಮೇಲೆ ಆರಿಂಚು ಚಾವಣಿ ಎಂದರೆ ಒಟ್ಟು 126 ಇಂಚು. ಏಳಿಂಚಿನಂತೆ 18 ಏರುಗಳು, ನಡುವೆ 17 ಮೆಟ್ಟಿಲುಗಳು. ನೇರವಾಗಿ ಹೋದರೆ ಹದಿನಾಲ್ಕು ಅಡಿ ಉದ್ದ, ನಡುವೆ ನಿಲ್ಲುವ ಸಮತಟ್ಟು ಜಾಗ, ಅಂದರೆ ಲ್ಯಾಂಡಿಂಗ್, ಬೇರೆ. ಒಂದೇ ಓಟದಲ್ಲಿ 15ಕ್ಕಿಂತ ಹೆಚ್ಚು ಏರು ಇರಬಾರದಾದ್ದರಿಂದ ಲ್ಯಾಂಡಿಂಗ್ ಬಿಡುವಂತಿಲ್ಲ.

ಮೂವತ್ತು–ನಲವತ್ತರ ಸೈಟಿನಲ್ಲಿ ಬದಿಗೆ ಬಿಟ್ಟ ಮೂರ್ನಾಲ್ಕು ಅಡಿ ಓಣಿಯಲ್ಲೇ ಇದೆಲ್ಲ ಕೂರಬೇಕು. ಜಾಗ ಸಾಲದೆ ಎಂಟಿಂಚು, ಒಂಬತ್ತಿಂಚು ಎತ್ತರದ ಮೆಟ್ಟಿಲು ಕಟ್ಟಿದ ಮನೆಗಳು ನಮ್ಮ ಬೀದಿಯಲ್ಲೇ ಮೂರಿವೆ. ಬೆಸ ಸಂಖ್ಯೆ ಬರಬೇಕೆಂದು ಕೊನೆಯ ಮೆಟ್ಟಿಲನ್ನು ನಾಲ್ಕಿಂಚಿಗೆ ಇಳಿಸಿದ್ದೂ ಒಂದಿದೆ. ನಂಬಿಕೆಯನ್ನು ಪಾಲಿಸುವವರು ಪಾಲಿಸಲಿ, ಆದರೆ ಎಲ್ಲ ಏರುಗಳನ್ನೂ ಸಮವಾಗಿ ಹಂಚಿ ಸಂಖ್ಯೆಯನ್ನು ಹೊಂದಿಸಿಕೊಳ್ಳಲಿ. ಎರಡು ಮೆಟ್ಟಿಲು ಹತ್ತಿದ ಮೇಲೆ ಕಾಲು ಕಣ್ಣನ್ನು ಕೇಳುವುದಿಲ್ಲ, ಅಳತೆಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಒಂದೇ ಒಂದು ಮೆಟ್ಟಿಲು ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಎಡವುವುದು ಅಲ್ಲಿಯೇ.

ಕಾಂಕ್ರೀಟ್ ಮೆಟ್ಟಿಲು

ಹೊಸದಾಗಿ ಮನೆ ಕಟ್ಟಿಸುವವರಿಗೆ ನನ್ನ ಉತ್ತರ ನೇರ: ಆರ್‌ಸಿಸಿ, ಅಂದರೆ ಕಂಬಿ ಕಟ್ಟಿದ ಕಾಂಕ್ರೀಟ್, ಮಾಡಿಸಿ. ಸೆಂಟ್ರಿಂಗ್, ಬಾರ್ ಬೆಂಡರ್, ಜಲ್ಲಿ, ಎಂ ಸ್ಯಾಂಡ್ ಎಲ್ಲವೂ ಹೇಗೂ ಮನೆ ಮುಂದೆ ಇರುವಾಗ ಹೆಚ್ಚುವರಿ ಖರ್ಚು ಹಗುರ. ಮನೆಯ ತೊಲೆಗಳೊಂದಿಗೆ ಬೆಸೆದುಕೊಂಡು ಒಂದೇ ದೇಹವಾಗುತ್ತದೆ. ಸದ್ದಿಲ್ಲ, ಅಲುಗಾಟವಿಲ್ಲ.

ಆದರೆ ಹೊರಗಿನ ಕಾಂಕ್ರೀಟ್ ಮೆಟ್ಟಿಲು ಹಾಳಾಗುವುದು ಮೇಲಿನಿಂದಲ್ಲ, ಕೆಳಗಿನಿಂದ. ಯಾವುದಾದರೂ ಹಳೆಯ ಬಡಾವಣೆಯಲ್ಲಿ ಇಂಥ ಮೆಟ್ಟಿಲಿನ ಅಡಿಗೆ ಹೋಗಿ ತಲೆಯೆತ್ತಿ ನೋಡಿ. ಪ್ಲಾಸ್ಟರ್ ಹಪ್ಪಳದಂತೆ ಉಬ್ಬಿರುತ್ತದೆ, ಕೆಲವು ಕಡೆ ಬಿದ್ದು ಕಂಬಿಗಳು ಕೆಂಪಗೆ ಕಾಣುತ್ತವೆ. ಕಂಬಿ ತುಕ್ಕು ಹಿಡಿದಾಗ ಅದರ ಗಾತ್ರ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಆಗುತ್ತದೆ. ಒಳಗಿನಿಂದ ಅದು ಉಬ್ಬಿದರೆ ಹೊರಗಿನ ಕಾಂಕ್ರೀಟ್ ಸಿಡಿಯದೆ ಏನು ಮಾಡೀತು? ಇದನ್ನು ತಡೆಯುವುದು ಕಂಬಿಗೂ ಹೊರಮೈಗೂ ನಡುವೆ ಇರುವ ಕಾಂಕ್ರೀಟ್ ಹೊದಿಕೆ. ಒಳಾಂಗಣಕ್ಕೆ 20 ಮಿಲಿಮೀಟರ್ ಸಾಕಾದರೂ ಮಳೆಗೆ ಬಿದ್ದ ಮೆಟ್ಟಿಲಿಗೆ 30 ಮಿಲಿಮೀಟರ್ ಕೇಳಿ, ಕಾಂಕ್ರೀಟಿನ ಬಲದ ದರ್ಜೆ ಎಂ 25ಕ್ಕಿಂತ ಕಡಿಮೆ ಬೇಡ. ಕಂಬಿ ಕಟ್ಟಿದ ದಿನ ನೀವೇ ಬಗ್ಗಿ ನೋಡಬೇಕು. ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡದೆ ಜಲ್ಲಿಕಲ್ಲಿನ ಚೂರು ತುರುಕಿದ್ದರೆ ಅಂದೇ ತೆಗೆಸಿ, ಕಾಂಕ್ರೀಟ್ ಬಿದ್ದ ಮೇಲೆ ಅದನ್ನು ನೋಡುವ ಕಣ್ಣು ಯಾರಿಗೂ ಇಲ್ಲ.

ಇನ್ನೊಂದು ಜಾಗವನ್ನು ಎಂಜಿನಿಯರ್ ನನಗೆ ಬೆರಳಿಟ್ಟು ತೋರಿಸಿದರು. ಮೆಟ್ಟಿಲು ಮೇಲಿನ ಲ್ಯಾಂಡಿಂಗಿಗೆ ಸೇರುವ ಕಡೆ ಅಡಿಯ ಕಂಬಿ ಒಳಮೂಲೆಯಲ್ಲಿ ಬಾಗುತ್ತದೆ. ಒಂದೇ ಕಂಬಿಯನ್ನು ಬಗ್ಗಿಸಿ ಮುಂದಕ್ಕೊಯ್ದರೆ, ಭಾರ ಬಿದ್ದಾಗ ಅದು ನೇರವಾಗಲು ಎಳೆದು ಮೂಲೆಯ ಕಾಂಕ್ರೀಟನ್ನು ಒದೆಯುತ್ತದೆ. ಎರಡು ಬೇರೆ ಬೇರೆ ಕಂಬಿಗಳನ್ನು ಅಲ್ಲಿ ಒಂದನ್ನೊಂದು ದಾಟಿಸಿ ಎದುರು ಬದಿಯ ಕಾಂಕ್ರೀಟಿನೊಳಕ್ಕೆ ಉದ್ದಕ್ಕೆ ಬಿಡಬೇಕು. ಅನುಭವಿ ಬಾರ್ ಬೆಂಡರ್‌ಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ನಕ್ಷೆಯಲ್ಲಿ ಬರೆಸಿ ಕೊಡಬೇಕು.

ಕ್ಯೂರಿಂಗ್ ಕೊರತೆಯೂ ಮೆಟ್ಟಿಲಿಗೇ ಹೆಚ್ಚು. ಚಾವಣಿಯ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸುತ್ತಾರೆ, ಇಳಿಜಾರಾದ ಮೆಟ್ಟಿಲಿನ ಮೇಲೆ ನೀರು ನಿಲ್ಲುವುದಿಲ್ಲ. ಗೋಣಿಚೀಲ ಹೊದಿಸಿ ಹತ್ತು ದಿನ ಒದ್ದೆಯಾಗಿಯೇ ಇಡಬೇಕು. ನಾವು ಈಗ ಬಳಸುವ ಸಿಮೆಂಟ್ ಬಹುಪಾಲು ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್), ಅದಕ್ಕೆ ಏಳು ದಿನ ಸಾಲದು.

ಕಟ್ಟಿ ಮುಗಿದ ಮನೆಗೆ ಆಮೇಲೆ ಕಾಂಕ್ರೀಟ್ ಮೆಟ್ಟಿಲು ಸೇರಿಸುವುದು ಬೇರೆಯೇ ಕೆಲಸ. ಮೂರಡಿ ಅಗಲದ ಮೆಟ್ಟಿಲು ಲ್ಯಾಂಡಿಂಗ್ ಸೇರಿ ಎರಡೂವರೆಯಿಂದ ಮೂರು ಟನ್ ತೂಗುತ್ತದೆ. ಅದಕ್ಕೆ ತನ್ನದೇ ಪಾಯ ಬೇಕು. ಮಂಡ್ಯದ ಕಡೆ ಗದ್ದೆ ಬಯಲಿಗೆ ಮಣ್ಣು ತುಂಬಿ ಮಾಡಿದ ಬಡಾವಣೆಗಳಲ್ಲಿ ಹೊಸ ಪಾಯ ಒಂದೆರಡು ಮಳೆಗಾಲ ಕುಸಿಯುತ್ತ ಇರುತ್ತದೆ, ಮನೆ ಮಾತ್ರ ಆಗಲೇ ಕೂತು ಗಟ್ಟಿಯಾಗಿರುತ್ತದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಸೇರುವ ಜಾಗದಲ್ಲಿ ಬಿರುಕು ಬಂದೇ ಬರುತ್ತದೆ. ಅಂಥ ಕಡೆ ನಡುವೆ ಸಂದು ಬಿಟ್ಟು, ಅದನ್ನು ಹಿಗ್ಗುವ ಸೀಲೆಂಟಿನಿಂದ ಮುಚ್ಚಬೇಕು.

ಮೇಲೆ ಏನು ಹಾಸಬೇಕು

ಮೆಟ್ಟಿಲು ಕಾಂಕ್ರೀಟಿನದ್ದೇ ಆದರೂ ಪಾದ ಕಾಣುವುದು ಮೇಲಿನ ಹಾಸನ್ನು. ಹಣ ಉಳಿಸಬೇಕಾದರೆ ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ.

ನುಣುಪಾದ ಗ್ರಾನೈಟ್ ಹೊರಗೆ ಬೇಡವೇ ಬೇಡ. ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಚಾಮರಾಜನಗರದ ಕಪ್ಪು ಕಲ್ಲು ಎಷ್ಟು ಚೆಂದವೋ, ಮಳೆ ಬಿದ್ದ ಮೇಲೆ ಅಷ್ಟೇ ಅಪಾಯ. ತುದಿಯಲ್ಲಿ ಮೂರು ಗೆರೆ ಹೊಡೆಸಿದರೆ ಸಾಕು ಎನ್ನುತ್ತಾರೆ. ಆ ಗೆರೆಗಳು ಇರುವುದು ತುದಿಯ ಎರಡಿಂಚಿನಲ್ಲಿ, ಇಳಿಯುವಾಗ ಹಿಮ್ಮಡಿ ಊರುವುದು ಒಳಗಡೆ. ವರ್ಷ ಕಳೆದರೆ ಗೆರೆಗಳಲ್ಲಿ ಮಣ್ಣು ತುಂಬಿ ಅಲ್ಲೂ ಪಾಚಿ ಹಸಿರಾಗುತ್ತದೆ.

ಅದೇ ಗ್ರಾನೈಟನ್ನು ಬೆಂಕಿಯ ಜ್ವಾಲೆ ಹಾಯಿಸಿ ಒರಟು ಮಾಡಿದ್ದಕ್ಕೆ ಫ್ಲೇಮ್ಡ್ ಎನ್ನುತ್ತಾರೆ. ಜ್ವಾಲೆಗೆ ಮೇಲ್ಪದರದ ಹರಳುಗಳು ಸಿಡಿದು ಕಲ್ಲಿನ ಮೈ ಸಣ್ಣ ರವೆ ಹರಡಿದಂತಾಗುತ್ತದೆ. ಒದ್ದೆಯಿದ್ದರೂ ಕಾಲು ಹಿಡಿಯುತ್ತದೆ, ಬರಿಗಾಲಿಗೆ ಚುಚ್ಚುವುದೂ ಇಲ್ಲ. ಲೆದರ್ ಫಿನಿಶ್ ಎಂಬುದು ನೋಡಲು ಇದಕ್ಕಿಂತ ಸೊಗಸು, ಹಿಡಿತ ಇದಕ್ಕಿಂತ ಕಡಿಮೆ. ಚಾವಣಿಯ ನೆರಳಿರುವ ಮೆಟ್ಟಿಲಿಗೆ ಅದು ಆದೀತು. ಇವೆರಡರ ಗೋಜೂ ಬೇಡವೆಂದರೆ ಬೂದು ಬಣ್ಣದ ಸಾದರಹಳ್ಳಿ ಕಲ್ಲನ್ನು ಉಳಿ ಪೆಟ್ಟಿನ ಮೈಯಲ್ಲಿ ತರಿಸಿ. ಒರಟಿಗೆ ಒರಟು, ಬಣ್ಣ ತಿಳಿಯಾದ್ದರಿಂದ ಪಶ್ಚಿಮದ ಬಿಸಿಲಿನಲ್ಲೂ ಕಪ್ಪು ಕಲ್ಲಿನಷ್ಟು ಸುಡುವುದಿಲ್ಲ.

ಗ್ರಾನೈಟಿನ ಬಾಳಿಕೆಗೆ ಸಾಕ್ಷಿ ಬೇಕಾದರೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದದ್ದು. ಆಷಾಢ ಶುಕ್ರವಾರಗಳ ಜನಜಂಗುಳಿ, ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವವರ ಹರಕೆ, ಬೆಟ್ಟದ ಮಳೆ ಇವೆಲ್ಲವನ್ನೂ ಆ ಕಲ್ಲು ಹೊತ್ತಿದೆ. ಹತ್ತುವಾಗ ಒಮ್ಮೆ ಬಗ್ಗಿ ಕೈಯಾಡಿಸಿ ನೋಡಿ: ನಡುವೆ, ಪಾದಗಳು ಬಿದ್ದ ಕಡೆ, ನಯವಾಗಿದೆ, ಅಂಚುಗಳಲ್ಲಿ ಇನ್ನೂ ಒರಟು ಕೈಗೆ ತಾಗುತ್ತದೆ.

ಕಡಪ ಕಲ್ಲು ಅಗ್ಗ, ಆದರೆ ಅದು ಪದರಪದರವಾದ ಸುಣ್ಣಕಲ್ಲು. ಅಡುಗೆಮನೆಯ ಶೆಲ್ಫಿಗೆ ಒಪ್ಪುವ ಅದು ಹೊರಗಿನ ಬಿಸಿಲು ಮಳೆಗೆ ಚಕ್ಕೆ ಏಳುತ್ತದೆ. ಕಪ್ಪಾದ್ದರಿಂದ ಕಾಯುವುದೂ ಹೆಚ್ಚು. ಶಹಾಬಾದ್, ಕೋಟಾ ಕಲ್ಲುಗಳೂ ಸುಣ್ಣಕಲ್ಲುಗಳೇ. ಓಡಾಡಿದಂತೆ ನುಣ್ಣಗಾಗುತ್ತವೆ, ಆದ್ದರಿಂದ ಅಂಗಳಕ್ಕೆ ಇರಲಿ. ರೆಡ್ ಆಕ್ಸೈಡ್ ಬಗ್ಗೆ ನನಗೆ ತುಂಬ ಪ್ರೀತಿ. ಆದರೆ ಅದರ ಜಾಗ ಒಳಗಿನ ಪಡಸಾಲೆ. ಟೈಲ್ಸ್ ಹಾಕಲೇಬೇಕೆಂದರೆ ಹಿಡಿತದ ದರ್ಜೆ ಆರ್ 11 ಅಥವಾ ಅದಕ್ಕಿಂತ ಮೇಲಿನದ್ದನ್ನು ಕೇಳಿ. ಅಂಚು ಒಡೆಯುವ ತೊಂದರೆ ಮಾತ್ರ ಯಾವ ಟೈಲ್ಸಿಗೂ ತಪ್ಪಿದ್ದಲ್ಲ, ಗ್ಯಾಸ್ ಸಿಲಿಂಡರ್ ಒಮ್ಮೆ ತಾಗಿದರೆ ಮುಗಿಯಿತು.

ಹಣ ಕೈಯಲ್ಲಿ ಇಲ್ಲದಿದ್ದರೆ ಇವು ಯಾವುವೂ ಬೇಡ. ಸಿಮೆಂಟ್ ಗಾರೆಯ ಮೇಲೆ ಹಸಿಯಿರುವಾಗಲೇ ತೆಂಗಿನ ಕಡ್ಡಿ ಪೊರಕೆ ಎಳೆಸಿ ಅಡ್ಡಗೆರೆ ಮೂಡಿಸಿ ಬಿಡಿ. ನಾಳೆ ಕಲ್ಲು ಹಾಸಬಹುದು. ಅಗ್ಗದ ಟೈಲ್ಸ್ ಹಾಕಿಸಿ ಐದು ವರ್ಷಕ್ಕೆ ಕೀಳಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಮುಂದೆ ಕಲ್ಲು ಹಾಸುವವರು ಅದರ ದಪ್ಪವನ್ನು ಲೆಕ್ಕಕ್ಕೆ ಹಿಡಿದು ಮೊದಲ ಮತ್ತು ಕೊನೆಯ ಏರನ್ನು ಈಗಲೇ ಹೊಂದಿಸಿಕೊಳ್ಳಲಿ.

ಗೋಡೆಗೆ ಕಚ್ಚಿಸಿದ ಕಲ್ಲು

ಮಂಡ್ಯದ ಮನೆಯ ಮೆಟ್ಟಿಲಿನಂಥದ್ದು ಬೇಕೆಂಬ ಆಸೆ ನನಗಿತ್ತು. ಕಲ್ಲು ಕೆಲಸದವರೊಬ್ಬರು ಮನೆ ನೋಡಿ ತಲೆಯಾಡಿಸಿದರು. ಆ ಮೆಟ್ಟಿಲು ನಿಂತಿರುವುದು ಕಲ್ಲಿನ ಬಲದಿಂದಷ್ಟೇ ಅಲ್ಲ, ಗೋಡೆಯ ಬಲದಿಂದ. ಚಪ್ಪಡಿಯ ಒಂದು ತುದಿ ಒಂಬತ್ತಿಂಚೋ ಅದಕ್ಕಿಂತ ಹೆಚ್ಚೋ ಗೋಡೆಯೊಳಗೆ ಹೋಗಿದೆ, ಅದರ ಮೇಲೆ ಇಡೀ ಗೋಡೆಯ ಮತ್ತು ಚಾವಣಿಯ ಭಾರ ಕೂತಿದೆ. ಆ ಭಾರವೇ ಕಲ್ಲನ್ನು ಕಚ್ಚಿ ಹಿಡಿದಿರುವುದು.

ಈಗಿನ ಮನೆಗಳಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ. ನಡುವೆ ಇರುವ ಆರಿಂಚು ಸಾಲಿಡ್ ಬ್ಲಾಕ್ ಗೋಡೆ ಬರೀ ತೆರೆ. ಅದನ್ನು ಕೊರೆದು ಕಲ್ಲು ತುರುಕಿದರೆ ಮೇಲಿನಿಂದ ಅದುಮುವ ಭಾರವಿಲ್ಲ. ಹಳೆಯ ಭಾರವಾಹಿ ಗೋಡೆಯ ಮನೆ ನಿಮ್ಮದಾಗಿದ್ದು, ಅಂಥ ಮೆಟ್ಟಿಲು ಈಗಾಗಲೇ ಇದ್ದರೆ ದಯವಿಟ್ಟು ಕೀಳಿಸಬೇಡಿ. ವರ್ಷಕ್ಕೊಮ್ಮೆ ಪ್ರತಿ ಕಲ್ಲನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಣ್ ಎಂದರೆ ಕ್ಷೇಮ. ಬೊದ್ದು ಸದ್ದು ಬಂದ ಕಲ್ಲಿನೊಳಗೆ ಬಿರುಕಿರಬಹುದು. ಕಲ್ಲು ಕಬ್ಬಿಣದಂತೆ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಅದನ್ನು ಬದಲಿಸುವವರೆಗೆ ಕೆಳಗೆ ಆಸರೆ ಕೊಡಿಸಿ. ಗೋಡೆಗೆ ಸೇರುವ ಸಂದುಗಳನ್ನೂ ಗಾರೆಯಿಂದ ಮುಚ್ಚುತ್ತಿರಬೇಕು. ನೀರು ಅಲ್ಲಿಂದಲೇ ಗೋಡೆಗಿಳಿಯುವುದು.

ಕಬ್ಬಿಣ: ನಾವು ಎಲ್ಲಿ ತಪ್ಪಿದೆವು

ಕಟ್ಟಿದ ಮನೆಗೆ ಆಮೇಲೆ ಮೆಟ್ಟಿಲು ಕೂರಿಸುವವರಿಗೆ ಕಬ್ಬಿಣದ ಚೌಕಟ್ಟು ಬಹಳ ಅನುಕೂಲ. ಕಾಂಕ್ರೀಟಿನ ಮೂರು ಟನ್ ಎಲ್ಲಿ, ಚೆಕರ್ಡ್ ಪ್ಲೇಟು, ಅಂದರೆ ಉಬ್ಬುಗೆರೆಯ ಕಬ್ಬಿಣದ ತಗಡು, ಹಾಸಿದ ಮೆಟ್ಟಿಲಿನ ಅರ್ಧ ಟನ್ ಎಲ್ಲಿ! ಓಣಿಯ ಬೆಳಕು ಗಾಳಿಗೆ ಅಡ್ಡಿಯಿಲ್ಲ, ಮನೆಯೊಳಗೆ ಧೂಳಿಲ್ಲ, ವಾರದೊಳಗೆ ಮುಗಿಯುತ್ತದೆ.

ನಮ್ಮದು ಚೌಕ ಕೊಳವೆಯ ಚೌಕಟ್ಟು, ಮೇಲೆ ಚೆಕರ್ಡ್ ಪ್ಲೇಟು, ಒಂದು ಸಲ ಕೆಂಪು ಪ್ರೈಮರ್, ಎರಡು ಸಲ ಕಪ್ಪು ಎನಾಮೆಲ್. ಮೂರು ವರ್ಷ ಚೆನ್ನಾಗಿಯೇ ಇತ್ತು. ನಾಲ್ಕನೆಯ ದಸರೆಗೆ ಬೆಸುಗೆಗಳ ಸುತ್ತ ಕಂದು ಕಲೆ ಕಂಡಿತು. ಉಜ್ಜಿಸಿ ಬಣ್ಣ ಹೊಡೆಸಿದೆವು. ಏಳನೆಯ ವರ್ಷ ಒಂದು ಮಳೆಯ ಮರುದಿನ, ಕೆಳಗಿನ ಕೊಳವೆಯ ಕೆಳಮೈಯಲ್ಲಿ ಬಣ್ಣ ಗುಳ್ಳೆಯೆದ್ದಿದ್ದನ್ನು ಕಂಡು ಗಾಡಿಯ ಕೀಲಿಕೈಯಿಂದ ತಟ್ಟಿದೆ. ಟಣ್ ಎನ್ನಬೇಕಾದ್ದು ರಟ್ಟಿನ ಡಬ್ಬಿಯಂತೆ ಸದ್ದು ಮಾಡಿತು. ಸ್ಕ್ರೂಡ್ರೈವರ್ ತಂದು ಒತ್ತಿದರೆ ಮೊನೆ ಸಲೀಸಾಗಿ ಒಳಗೆ ಹೋಯಿತು, ಆ ತೂತಿನಿಂದ ಚಹಾ ಬಣ್ಣದ ನೀರು ಲೋಟದಷ್ಟು ಸುರಿಯಿತು. ಹೊರಗಿನಿಂದ ನಾವು ಬಣ್ಣ ಬಳಿಯುತ್ತಿದ್ದಾಗ ಅದು ಒಳಗಿನಿಂದ ತಿನ್ನಿಸಿಕೊಳ್ಳುತ್ತಿತ್ತು. ಆ ಮೆಟ್ಟಿಲಿನ ಮೇಲೆ ಹಿಂದಿನ ದಿನವಷ್ಟೇ ಅಮ್ಮ ಬಟ್ಟೆಯ ಬಕೆಟ್ ಹಿಡಿದು ಹತ್ತಿದ್ದರು.

ಮಾಡಿದವರು ಕೊಳವೆಯ ಮೇಲ್ತುದಿಯನ್ನು ಮುಚ್ಚಿರಲಿಲ್ಲ, ಕೆಳತುದಿಯಲ್ಲಿ ನೀರು ಹೋಗಲು ತೂತು ಬಿಟ್ಟಿರಲಿಲ್ಲ. ಬೆಸುಗೆಯನ್ನು ಕೊಳವೆಯ ಸುತ್ತ ಪೂರ್ತಿ ಎಳೆಯದೆ ಅಲ್ಲಲ್ಲಿ ಚುಕ್ಕೆ ಹಾಕಿದ್ದರು. ಆ ಸಂದುಗಳಿಂದ ನೀರಿಳಿದಿತ್ತು. ಕೇಳಬೇಕೆಂದು ನಮಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ ಎಂದೇ ಇಷ್ಟು ವಿವರ.

ಕಬ್ಬಿಣವನ್ನೇ ಆರಿಸುವುದಾದರೆ ಕೊಳವೆ ಬೇಡ, ಚಾನೆಲ್ (ಮೂರು ಬದಿಯ ತೆರೆದ ಪಟ್ಟಿ) ಮತ್ತು ಆಂಗಲ್ (ಎರಡು ಬದಿಯ ಮೂಲೆಪಟ್ಟಿ) ಹಾಕಿಸಿ. ಅವುಗಳ ಎಲ್ಲ ಮೈಯೂ ಕಣ್ಣಿಗೆ ಕಾಣುತ್ತದೆ, ಕುಂಚಕ್ಕೆ ಎಟುಕುತ್ತದೆ. ನಾವು ಎರಡನೆಯ ಸಲ ಆರಿಂಚಿನ ಚಾನೆಲ್ ಎರಡು ಹಾಕಿಸಿದೆವು. ಕಬ್ಬಿಣದ ಕೆಲಸದ ದರ ಕಿಲೋ ಲೆಕ್ಕ, ಆದ್ದರಿಂದ ಯಾವ ಚಾನೆಲ್, ಎಷ್ಟು ಮಿಲಿಮೀಟರ್ ಪ್ಲೇಟು ಎಂದು ಮೊದಲೇ ಬರೆಸಿಕೊಂಡು, ತೂಕದ ಚೀಟಿ ಕೇಳಿ. ಕಿಲೋ ದರ ಕಡಿಮೆ ಹೇಳಿ ತೂಕ ಏರಿಸುವವರಿದ್ದಾರೆ. ದರ ಒಪ್ಪಿಕೊಂಡು ದಪ್ಪ ಇಳಿಸುವವರು ಅವರಿಗಿಂತ ಅಪಾಯಕಾರಿ.

ತುಕ್ಕಿಗೆ ನಿಜವಾದ ತಡೆ ಬಿಸಿ ಸತುವಿನ ಸ್ನಾನ, ಅಂದರೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಇಡೀ ಭಾಗವನ್ನು ಅದ್ದುತ್ತಾರೆ. ಐದು ಮಿಲಿಮೀಟರಿಗಿಂತ ದಪ್ಪದ ಕಬ್ಬಿಣಕ್ಕೆ ಚದರ ಮೀಟರಿಗೆ 610 ಗ್ರಾಂ ಸತು ಕೂರಬೇಕೆಂಬುದು ಭಾರತೀಯ ಮಾನಕ. ಗೀರು ಬಿದ್ದರೂ ಪಕ್ಕದ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಬಣ್ಣಕ್ಕೆ ಆ ಗುಣವಿಲ್ಲ. ಒಂದು ಷರತ್ತು: ತೂತು ಕೊರೆಯುವುದು, ಬೆಸೆಯುವುದು ಎಲ್ಲ ಮುಗಿದ ಮೇಲೆ ಅದ್ದಬೇಕು, ಸ್ಥಳದಲ್ಲಿ ಬೋಲ್ಟ್ ಹಾಕಿ ಜೋಡಿಸಬೇಕು. ಅದ್ದಿದ ಮೇಲೆ ಬೆಸೆದರೆ ಆ ಜಾಗದ ಸತು ಸುಟ್ಟುಹೋಗುತ್ತದೆ, ಅದರ ಹೊಗೆ ಬೆಸೆಯುವವರಿಗೂ ಒಳ್ಳೆಯದಲ್ಲ. ಮಾಲನ್ನು ಘಟಕಕ್ಕೆ ಸಾಗಿಸಿ ತರುವ ಖರ್ಚು, ಎರಡು ವಾರದ ಕಾಯುವಿಕೆ ಇದ್ದದ್ದೇ. ಅದು ಆಗದೆಂದರೆ ತಂತಿ ಬ್ರಷ್ಷಿನಿಂದ ಬೆಳ್ಳಗಾಗುವಷ್ಟು ಉಜ್ಜಿಸಿ, ಸತು ತುಂಬಿದ ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರೆಥೇನ್ ಬಣ್ಣ ಹೊಡೆಸಿ. ಪ್ರತಿ ವರ್ಷ ಮೇ ಮಳೆಗೆ ಮೊದಲು ಬೆಸುಗೆಗಳನ್ನು ನೋಡಲೇಬೇಕು.

ಕಬ್ಬಿಣದ ಮೆಟ್ಟಿಲಿನ ಇನ್ನೊಂದು ಕೊರತೆ ಪ್ಲೇಟು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲು ಸಾಧ್ಯವೇ ಇಲ್ಲ, ಮಳೆ ಬಿದ್ದರೆ ತಮಟೆ. ಹಾಗಾಗಿ ಎರಡನೆಯ ಸಲ ಚೌಕಟ್ಟು ಕಬ್ಬಿಣದ್ದು, ಪಾದ ಇಡುವುದು ಕಲ್ಲಿನದ್ದು ಎಂದು ತೀರ್ಮಾನಿಸಿದೆವು. ಆಂಗಲ್‌ಗಳಿಂದ ತಟ್ಟೆಯಂಥ ಚೌಕಟ್ಟು ಮಾಡಿ, ಅದರೊಳಗೆ ರಬ್ಬರ್ ತುಂಡುಗಳ ಮೇಲೆ ಎರಡಿಂಚು ದಪ್ಪದ ಸಾದರಹಳ್ಳಿ ಕಲ್ಲು ಕೂರಿಸಿದ್ದಾರೆ. ಮೂರಡಿ ಉದ್ದ, ಒಂದಡಿ ಅಗಲದ ಒಂದು ಕಲ್ಲು 38 ಕಿಲೋ. ಹದಿನೇಳು ಕಲ್ಲುಗಳೆಂದರೆ ಆರೂವರೆ ಕ್ವಿಂಟಲ್. ಈ ಭಾರವನ್ನು ಮೊದಲೇ ಹೇಳಿ ಚಾನೆಲ್ ಆರಿಸಬೇಕು. ಮುಕ್ಕಾಲಿಂಚಿನ ತೆಳು ಗ್ರಾನೈಟನ್ನು ಹೀಗೆ ಅಂತರದಲ್ಲಿ ಕೂರಿಸಿದರೆ ಮುರಿಯುತ್ತದೆ. ಅದಕ್ಕೆ ಅಡಿಯಲ್ಲಿ ಪೂರ್ತಿ ಆಸರೆ ಬೇಕು. ಮುಂದೆಂದಾದರೂ ಎರಡಿಂಚಿನ ಕಲ್ಲು ಬಿರುಕು ಬಿಟ್ಟರೂ ಆಂಗಲ್ ತಟ್ಟೆ ಅದನ್ನು ಹಿಡಿದುಕೊಳ್ಳುತ್ತದೆ. ಇದು ನನಗೆ ತುಂಬ ಸಮಾಧಾನ ಕೊಟ್ಟ ವಿಷಯ.

ಉಳಿದವು

ಸ್ಟೇನ್‌ಲೆಸ್ ಸ್ಟೀಲ್ ಇಡೀ ಮೆಟ್ಟಿಲಿಗೆ ದುಬಾರಿ, ಹತ್ತುವಾಗ ಹಿಡಿಯುವ ಕೈಪಿಡಿಯ ಸರಳುಗಳಿಗೆ ಸರಿ. ಹೊರಗೆ 304 ದರ್ಜೆಯದ್ದೇ ಆಗಬೇಕು. ಅಗ್ಗದ 202 ದರ್ಜೆಯದ್ದು ಎರಡು ಮಳೆಗಾಲಕ್ಕೆ ಚುಕ್ಕೆ ಚುಕ್ಕೆ ಕಂದಾಗುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಇಟ್ಟು, ಅಂಟಲಿಲ್ಲ ನೋಡಿ, 304 ಎನ್ನುತ್ತಾರೆ. 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಮರ ಹೊರಗೆ ಬೇಡ. ತೇಗವಾದರೂ ಹೊನ್ನೆಯಾದರೂ ಬಿಸಿಲಿಗೆ ಸೀಳಿ, ಸೀಳಿಗೆ ನೀರಿಳಿದು, ಬುಡಕ್ಕೆ ಗೆದ್ದಲು ಹತ್ತುತ್ತದೆ. ವರ್ಷ ವರ್ಷವೂ ಎಣ್ಣೆ ಹಚ್ಚುವ ಮನಸ್ಸಿದ್ದವರಿಗೆ ಕೈಪಿಡಿಯ ಮೇಲೆ ಮರ ಚೆನ್ನ, ಬಿಸಿಲಿನಲ್ಲೂ ಕೈ ಸುಡುವುದಿಲ್ಲ.

ಸುರುಳಿ ಮೆಟ್ಟಿಲು ಐದಾರು ಅಡಿಯ ವೃತ್ತದಲ್ಲಿ ಮುಗಿಯುತ್ತದೆ. ಟ್ಯಾಂಕ್ ತೊಳೆಯಲು ತಿಂಗಳಿಗೊಮ್ಮೆ ಹತ್ತುವವರಿಗೆ ಸಾಕು. ಸೋಲಾರ್ ವಾಟರ್ ಹೀಟರ್ ಅಥವಾ ಸಾವಿರ ಲೀಟರ್ ಟ್ಯಾಂಕ್ ಅದರಲ್ಲಿ ಹತ್ತುವುದಿಲ್ಲ, ಹಗ್ಗ ಕಟ್ಟಿ ಹೊರಗಿನಿಂದ ಎಳೆಯಬೇಕು. ಮೊಣಕಾಲು ನೋವಿನವರಿಗಂತೂ ಅದು ಮೆಟ್ಟಿಲೇ ಅಲ್ಲ.

ಖರ್ಚಿನ ಮಾತು ಕೇಳುವವರಿಗೆ: ಹೊಸ ಮನೆಯಲ್ಲಿ ಪೊರಕೆ ಗೆರೆಯ ಆರ್‌ಸಿಸಿ ಎಲ್ಲಕ್ಕಿಂತ ಅಗ್ಗ, ಅದಕ್ಕೆ ಫ್ಲೇಮ್ಡ್ ಗ್ರಾನೈಟ್ ಸೇರಿದರೆ ನಡುವಿನದ್ದು. ಹಳೆಯ ಮನೆಗೆ ಬಣ್ಣ ಬಳಿದ ಕಬ್ಬಿಣದ ಪ್ಲೇಟು ಅಗ್ಗ, ಸತು ಅದ್ದಿದ ಚೌಕಟ್ಟು ಮತ್ತು ಕಲ್ಲು ಅದಕ್ಕಿಂತ ಹೆಚ್ಚು, ಸ್ಟೇನ್‌ಲೆಸ್ ಎಲ್ಲಕ್ಕಿಂತ ಮೇಲೆ. ನಾವು ಅಗ್ಗದ್ದನ್ನು ಆರಿಸಿ ಎರಡು ಸಲ ಖರ್ಚು ಮಾಡಿದೆವು. ಬಾಡಿಗೆಗೆ ಕೊಡುವ ಮೇಲಂತಸ್ತಿನ ದಾರಿಯೂ ಇದೇ ಆಗುವುದಾದರೆ ಎರಡನೆಯ ಯೋಚನೆಯೇ ಬೇಡ, ಕಾಂಕ್ರೀಟ್ ಮಾಡಿಸಿ. ದಿನವೂ ಹತ್ತಾರು ಸಲ ಹತ್ತಿಳಿಯುವ ಸದ್ದು ಕಬ್ಬಿಣದಲ್ಲಿ ಇಡೀ ಮನೆಗೆ ಕೇಳುತ್ತದೆ.

ಕೆಲಸ ಒಪ್ಪಿಕೊಳ್ಳುವ ಮೊದಲು

ತಾರಸಿಗೆ ಸೇರುವ ಬಾಯಲ್ಲಿ ನಾಲ್ಕಿಂಚಿನ ಹೊಸ್ತಿಲು ಕಟ್ಟಿಸಿ. ಇಲ್ಲವಾದರೆ ತಾರಸಿಯ ನೀರೆಲ್ಲ ಮಳೆಕೊಳವೆಯನ್ನು ಬಿಟ್ಟು ಮೆಟ್ಟಿಲನ್ನೇ ಹಿಡಿಯುತ್ತದೆ. ಮೇಲ್ತುದಿಯನ್ನು ಪ್ಯಾರಪೆಟ್ಟಿನ ಇಟ್ಟಿಗೆಗೆ ಬೋಲ್ಟ್ ಮಾಡಲು ಬಿಡಬೇಡಿ, ತೊಲೆಗೆ ಸೇರಿಸಲಿ. ಕಬ್ಬಿಣದ ಮೆಟ್ಟಿಲಿನ ಬುಡದ ಪ್ಲೇಟು ನೆಲಕ್ಕಿಂತ ಆರಿಂಚು ಮೇಲೆ ಕಾಂಕ್ರೀಟ್ ಕಟ್ಟೆಯ ಮೇಲಿರಲಿ, ಮಣ್ಣು ಅದನ್ನು ಮುಟ್ಟಬಾರದು. ಕೈಪಿಡಿಯ ಕಂಬಗಳನ್ನು ಮೆಟ್ಟಿಲಿನ ಮೇಲೆ ತೂತು ಕೊರೆದು ನಿಲ್ಲಿಸಿದರೆ ಆ ತೂತಿನಲ್ಲಿ ನೀರು ನಿಂತು ಕಂಬ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಬದಿಯಿಂದ ಹಿಡಿಸಿ. ಕೈಪಿಡಿ ಒಂದು ಮೀಟರ್ ಎತ್ತರವಿರಲಿ, ಸರಳುಗಳು ನೆಟ್ಟಗಿರಲಿ, ನಡುವಿನ ಅಂತರ ನಾಲ್ಕಿಂಚು ಮೀರದಿರಲಿ. ಅಡ್ಡ ಸರಳು ಹಾಕಿದರೆ ಮಕ್ಕಳಿಗೆ ಅದೇ ಏಣಿ.

ಪ್ರತಿ ಮೆಟ್ಟಿಲಿಗೂ ಮುಂದಕ್ಕೆ ಮೂರು ಮಿಲಿಮೀಟರ್ ವಾಟ (ಇಳಿಜಾರು) ಇರಬೇಕು. ಕಣ್ಣಿಗೆ ಇದು ಕಾಣುವುದಿಲ್ಲ, ಮಟ್ಟಗೋಲಿಟ್ಟರೂ ಮೇಸ್ತ್ರಿ ಸರಿಯಿದೆ ಎಂದೇ ಹೇಳುತ್ತಾರೆ. ಕೊನೆಯ ಕಂತು ಕೊಡುವ ದಿನ ಮೇಲಿನಿಂದ ಎರಡು ಬಕೆಟ್ ನೀರು ಸುರಿದು, ಕಾಲು ಗಂಟೆ ಬಿಟ್ಟು, ಕೆಳಗಿನಿಂದ ಒಂದೊಂದೇ ಮೆಟ್ಟಿಲು ನೋಡುತ್ತ ಹತ್ತಿ. ನಮ್ಮಲ್ಲಿ ಹದಿನೇಳರಲ್ಲಿ ಎರಡು ಕಲ್ಲುಗಳ ಒಳಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತಿತ್ತು. ಎರಡನ್ನೂ ಎತ್ತಿಸಿ, ರಬ್ಬರ್ ತುಂಡು ಬದಲಿಸಿ, ಮತ್ತೆ ಕೂರಿಸಿದ ಮೇಲೆಯೇ ಹಣ ಕೊಟ್ಟೆವು.